ದೀಪ ಕಣ್ಣು ಮಿಟುಕಿಸಿದಾಗ

ಹಿರಿಯೂರಿನ ಸಮೀಪದ ಬಬ್ಬೂರಿನಂಥ ಊರಿನಲ್ಲಿ ಸಂಜೆಯ ಹೊತ್ತು ಒಂದು ಮನೆಯೊಳಗೆ ಇಣುಕಿದರೆ ಕಾಣುವ ನೋಟ ಇದು. ನಡುಮನೆಯಲ್ಲಿ ಹುಡುಗ ಕಂಪ್ಯೂಟರಿನ ಮುಂದೆ ಕುಳಿತು ಪರೀಕ್ಷೆಯ ಅರ್ಜಿ ತುಂಬುತ್ತಿದ್ದಾನೆ. ಅಡುಗೆಮನೆಯಲ್ಲಿ ಫ್ರಿಜ್ಜು ತನ್ನ ಪಾಡಿಗೆ ಗುಂಯ್‌ಗುಟ್ಟುತ್ತಿದೆ. ದೇವರ ಮನೆಯಲ್ಲಿ ಮಾತ್ರ ಹಳೆಯ ಕಾಲದ ತಂತಿಯ ಬಲ್ಬೊಂದು ಉಳಿದುಕೊಂಡಿದೆ, ಉಳಿದೆಡೆಗಳಲ್ಲೆಲ್ಲ ಎಲ್.ಇ.ಡಿ. ದೀಪಗಳು. ಇದ್ದಕ್ಕಿದ್ದಂತೆ ದೇವರ ಮನೆಯ ಬಲ್ಬು ಒಮ್ಮೆ ಕಂದಿ, ಮತ್ತೆ ಮೊದಲಿನಂತೆ ಬೆಳಗುತ್ತದೆ. ರೆಪ್ಪೆ ಬಡಿಯುವಷ್ಟೇ ಹೊತ್ತು. ಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆಯೆತ್ತಿ ನೋಡಿ, “ಸದ್ಯ, ಕರೆಂಟು ಹೋಗಲಿಲ್ಲ” ಎಂದು ಮತ್ತೆ ಕೆಲಸಕ್ಕೆ ತೊಡಗುತ್ತಾರೆ. ಅಷ್ಟರಲ್ಲಿ ನಡುಮನೆಯಿಂದ ಹುಡುಗನ ಕೂಗು: “ಅಯ್ಯೋ, ತುಂಬಿದ್ದೆಲ್ಲ ಹೋಯಿತಲ್ಲ ಅಜ್ಜಿ!” ಕಂಪ್ಯೂಟರು ಆರಿಹೋಗಿ, ಮತ್ತೆ ಮೊದಲಿನಿಂದ ಎಚ್ಚರಗೊಳ್ಳುತ್ತಿದೆ. ಅಡುಗೆಮನೆಯ ಫ್ರಿಜ್ಜು ಗುಂಯ್‌ಗುಡುವುದನ್ನು ಬಿಟ್ಟು, ಆಗೊಮ್ಮೆ ಈಗೊಮ್ಮೆ ಟಕ್ಕೆಂದು ಸದ್ದುಮಾಡಿ ಸುಮ್ಮನಾಗುತ್ತಿದೆ.

ಮನೆ ಒಂದೇ, ತಂತಿ ಒಂದೇ, ಗಳಿಗೆಯೂ ಒಂದೇ. ಬಲ್ಬು ಕಂದಿ ಚೇತರಿಸಿಕೊಂಡಿತು. ಎಲ್.ಇ.ಡಿ. ದೀಪಗಳಿಗೆ ಅದು ತಿಳಿಯಲೇ ಇಲ್ಲ. ಕಂಪ್ಯೂಟರು ಮೂರ್ಛೆ ಹೋಯಿತು. ಫ್ರಿಜ್ಜು ಇನ್ನೂ ಒದ್ದಾಡುತ್ತಿದೆ. ಒಂದೇ ಏಟಿಗೆ ಇಷ್ಟು ಬಗೆಯ ಫಲವೇಕೆ? ಇಂಥ ಏಟು ದಿನಕ್ಕೆ ಹತ್ತಾರು ಸಲ ಬಿದ್ದರೆ, ಸಾವಿರಾರು ರೂಪಾಯಿ ಕೊಟ್ಟು ತಂದ ಸಾಮಾನುಗಳ ಗತಿಯೇನು? ಗೃಹಸ್ಥರಿಗೂ ರೈತರಿಗೂ ಸಮಾನವಾಗಿ ಸಂಬಂಧಿಸಿದ ಪ್ರಶ್ನೆ ಇದು.

ಮೂರು ಬೇರೆ ಕಾಯಿಲೆಗಳು

ವಿದ್ಯುತ್ತಿಗೆ ತಗಲುವ ಕಾಯಿಲೆಗಳಲ್ಲಿ ಮೂರನ್ನು ಬೇರೆಬೇರೆಯಾಗಿ ಗುರುತಿಸಬೇಕು. ಮೊದಲನೆಯದು ಕರೆಂಟು ಹೋಗುವುದು. ಇದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದು ಲೋ ವೋಲ್ಟೇಜು. ೨೩೦ ವೋಲ್ಟು ಇರಬೇಕಾದ ಕಡೆ ೧೭೦, ೧೮೦ ಎಂದು ಗಂಟೆಗಟ್ಟಲೆ ಇಳಿದಿರುತ್ತದೆ. ಫ್ಯಾನು ಸೋಮಾರಿಯಾಗಿ ತಿರುಗುತ್ತದೆ. ಮೂರನೆಯದೇ ಈ ಲೇಖನದ ವಿಷಯ: ವೋಲ್ಟೇಜಿನ ಕ್ಷಣಿಕ ಕುಸಿತ. ಎಂಜಿನಿಯರುಗಳು ಇದಕ್ಕೆ ಹಾಕಿಕೊಂಡಿರುವ ಎಲ್ಲೆ ಹೀಗಿದೆ: ವೋಲ್ಟೇಜು ತನ್ನ ನಿಗದಿಯ ಶೇಕಡ ೯೦ಕ್ಕಿಂತ ಕೆಳಗೆ, ಆದರೆ ಶೇಕಡ ೧೦ಕ್ಕಿಂತ ಮೇಲೆ ನಿಂತು, ಅರ್ಧ ಆವರ್ತದಿಂದ ಒಂದು ನಿಮಿಷದೊಳಗೆ ಮತ್ತೆ ಮೇಲೇರಿದರೆ ಅದು ಕುಸಿತ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳನ್ನು ಮುಗಿಸುತ್ತದೆ. ಎಂದರೆ ಒಂದು ಆವರ್ತಕ್ಕೆ ೨೦ ಮಿಲಿಸೆಕೆಂಡು. ಅರ್ಧ ಆವರ್ತವೆಂದರೆ ಸೆಕೆಂಡಿನ ನೂರರಲ್ಲಿ ಒಂದು ಪಾಲು. ಮನುಷ್ಯನ ರೆಪ್ಪೆ ಒಮ್ಮೆ ಮುಚ್ಚಿ ತೆರೆಯುವುದಕ್ಕೆ ಇದರ ಹತ್ತು ಪಟ್ಟಿಗಿಂತ ಹೆಚ್ಚು ಕಾಲ ಬೇಕು.

ಹಳೆಯ ತಂತಿಯ ಬಲ್ಬು ಈ ಕಾಯಿಲೆಯನ್ನು ಮನೆಯವರಿಗೆ ತಿಳಿಸುತ್ತಿದ್ದ ನಂಬಿಕೆಯ ದೂತನಾಗಿತ್ತು. ವೋಲ್ಟೇಜು ಶೇಕಡ ೧೦ ಇಳಿದರೆ ಅದರ ಬೆಳಕು ಶೇಕಡ ೩೦ರಷ್ಟು ಇಳಿಯುತ್ತದೆ. ಸಣ್ಣ ಕುಸಿತವನ್ನೂ ದೊಡ್ಡದು ಮಾಡಿ ತೋರಿಸುವ ಗುಣ ಅದಕ್ಕಿತ್ತು. ಒಳ್ಳೆಯ ಎಲ್.ಇ.ಡಿ. ದೀಪದೊಳಗೆ ವಿದ್ಯುತ್ತನ್ನು ಸಮಮಾಡಿ ಕೊಡುವ ಪುಟ್ಟ ಏರ್ಪಾಡಿದೆ. ಆದ್ದರಿಂದ ಅದು ಸಣ್ಣಪುಟ್ಟ ಕುಸಿತಕ್ಕೆ ಮಿಸುಕುವುದಿಲ್ಲ. ಕರೆಂಟಿನ ಖರ್ಚು ಉಳಿಯಿತು, ನಿಜ. ಆದರೆ ಮನೆಯಲ್ಲಿ ಎಚ್ಚರಿಕೆ ಹೇಳುತ್ತಿದ್ದವನು ಇಲ್ಲವಾದ. ಈಗ ದೀಪಗಳೆಲ್ಲ ನೆಟ್ಟಗೆ ಉರಿಯುತ್ತಿರುವಾಗಲೇ ಫ್ರಿಜ್ಜು ಕೆಡುತ್ತದೆ. ಮನೆಯವರು “ಕಂಪೆನಿಯ ಮಾಲೇ ಸರಿಯಿಲ್ಲ” ಎಂದು ಗೊಣಗುತ್ತಾರೆ.

ಎಲ್ಲಿಂದ ಬರುತ್ತದೆ ಈ ಕುಸಿತ?

ವಿದ್ಯುತ್ ತಂತಿಯನ್ನು ಕಾಲುವೆಗೆ ಹೋಲಿಸಿದರೆ ವಿಷಯ ಬೇಗ ತಿಳಿಯುತ್ತದೆ. ಹಿರಿಯೂರು ತಾಲ್ಲೂಕಿನವರಿಗೆ ಕಾಲುವೆಯ ಮಾತನ್ನು ಹೇಳಿಕೊಡಬೇಕಾಗಿಲ್ಲ. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರದ ಕೆಲಸ ೧೮೯೮ರಲ್ಲಿ ಮೊದಲಾಗಿ ೧೯೦೭ರಲ್ಲಿ ಮುಗಿಯಿತು. ಅಂದಿನಿಂದ ಈ ಸೀಮೆಯ ತೋಟಗಳು ಅದರ ನೀರನ್ನು ಕಂಡಿವೆ. ಕಾಲುವೆಯ ತಲೆಯಲ್ಲಿರುವವನು ತೂಬನ್ನು ಪೂರ್ತಿ ಎತ್ತಿಬಿಟ್ಟರೆ ಕೊನೆಯ ಗದ್ದೆಯವನಿಗೆ ನೀರಿನ ಮಟ್ಟ ಇಳಿಯುತ್ತದೆಯಲ್ಲವೆ? ತಂತಿಯಲ್ಲಿಯೂ ಹಾಗೆಯೇ. ಹೆಚ್ಚು ಆಂಪಿಯರು ಹರಿದಷ್ಟೂ ತಂತಿಯಲ್ಲಿ ಮತ್ತು ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜು ಸವೆಯುತ್ತದೆ. ದೂರ ಹೆಚ್ಚಿದಷ್ಟೂ ಸವೆತ ಹೆಚ್ಚು.

ಆದರೆ ಮಳೆ ಕೈಕೊಟ್ಟ ವರ್ಷಗಳೂ ಈ ಸೀಮೆಯಲ್ಲಿ ಕಡಿಮೆಯಿಲ್ಲ. ೧೯೩೩ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು ೨೦೨೨ರಲ್ಲಿ. ನಡುವಿನ ಆ ಎಂಬತ್ತೊಂಬತ್ತು ವರ್ಷಗಳಲ್ಲಿ ತೆಂಗು, ಅಡಿಕೆ, ದಾಳಿಂಬೆಯ ತೋಟಗಳನ್ನು ಉಳಿಸಿಕೊಳ್ಳಲು ರೈತರು ಭೂಮಿಯನ್ನು ಕೊರೆದರು. ಕೊಳವೆಬಾವಿ ಆಳವಾದಷ್ಟೂ ಅದರಲ್ಲಿ ಇಳಿಬಿಡುವ ಮೋಟಾರೂ ದೊಡ್ಡದಾಯಿತು. ಈ ಮೋಟಾರುಗಳೇ ಊರಿನ ತಂತಿಯ ಅತಿ ದೊಡ್ಡ ಗಿರಾಕಿಗಳು.

ಮೋಟಾರಿಗೆ ಒಂದು ವಿಚಿತ್ರ ಸ್ವಭಾವವಿದೆ. ಓಡುತ್ತಿರುವಾಗ ಅದು ಸಾಧು. ನಿಂತಲ್ಲಿಂದ ಹೊರಡುವಾಗ ಮಾತ್ರ ಮಹಾ ಹೊಟ್ಟೆಬಾಕ. ನೇರವಾಗಿ ಸ್ವಿಚ್ಚು ಹಾಕಿದ ಮೋಟಾರು ಮೊದಲ ಕೆಲವು ಕ್ಷಣ ತನ್ನ ಮಾಮೂಲು ಆಂಪಿಯರಿನ ಐದರಿಂದ ಏಳು ಪಟ್ಟು ಎಳೆಯುತ್ತದೆ. ಒಂದು ಲೆಕ್ಕ ಹಾಕಿ ನೋಡಬಹುದು. ಬೇಲಿಯ ಬದಿಯಲ್ಲಿ ೬೩ ಕೆ.ವಿ.ಎ. ಟ್ರಾನ್ಸ್‌ಫಾರ್ಮರು, ಹಳ್ಳಿಯವರ ಬಾಯಲ್ಲಿ ‘ಟಿ.ಸಿ.’, ಇದೆಯೆನ್ನಿ. ಅದು ಸದಾ ಹೊರಬಲ್ಲ ಹೊರೆ ಒಂದೊಂದು ಫೇಸಿನಲ್ಲಿ ಸುಮಾರು ೯೦ ಆಂಪಿಯರು. ಏಳೂವರೆ ಕುದುರೆಶಕ್ತಿಯ ಒಂದು ಮೋಟಾರು ಓಡುವಾಗ ಸುಮಾರು ೧೫ ಆಂಪಿಯರು ಎಳೆದರೆ, ಹೊರಡುವಾಗ ಅದರ ಆರು ಪಟ್ಟು, ಎಂದರೆ ೯೦. ಒಂದೇ ಮೋಟಾರು ಆ ಕ್ಷಣದಲ್ಲಿ ಟಿ.ಸಿ.ಯ ಪೂರ್ತಿ ಶಕ್ತಿಯನ್ನು ಬೇಡುತ್ತದೆ. ಅಂಥ ನಾಲ್ಕು ಮೋಟಾರುಗಳು ಒಂದೇ ಕ್ಷಣದಲ್ಲಿ ಹೊರಟರೆ, ಟಿ.ಸಿ.ಯೊಳಗೇ ವೋಲ್ಟೇಜು ಸುಮಾರು ಶೇಕಡ ೧೫ ಕುಸಿಯುತ್ತದೆ. ಅಲ್ಲಿಂದ ತೋಟದವರೆಗಿನ ತಂತಿಯ ಸವೆತ ಇದಕ್ಕೆ ಬೇರೆ.

ನಾಲ್ಕು ಮೋಟಾರುಗಳು ಒಂದೇ ಕ್ಷಣದಲ್ಲಿ ಏಕೆ ಹೊರಡಬೇಕು? ಇಲ್ಲಿಯೇ ಇದೆ ಕಥೆಯ ಗಂಟು. ಪಂಪುಗಳಿಗೆ ಮೂರು ಫೇಸಿನ ಕರೆಂಟು ಸಿಗುವುದು ದಿನದ ಕೆಲವು ಗಂಟೆ ಮಾತ್ರ. ಎಷ್ಟೋ ಸಲ ಅದು ರಾತ್ರಿಯ ಸರದಿ. ಹಾವುಹುಪ್ಪಟೆಯ ಕತ್ತಲೆಯಲ್ಲಿ ಬ್ಯಾಟರಿ ಹಿಡಿದು ತೋಟಕ್ಕೆ ಹೋಗಿ ಸ್ಟಾರ್ಟರು ಒತ್ತುವ ಬದಲು ರೈತ ಆಟೋ ಸ್ಟಾರ್ಟರು ಕೂರಿಸಿದ. ಅದನ್ನು ತಪ್ಪೆನ್ನಲಾಗದು, ಜೀವ ಎಲ್ಲರಿಗೂ ಒಂದೇ. ಆದರೆ ಒಬ್ಬನ ಜಾಣತನ ಊರಿಗೆಲ್ಲ ಹರಡಿದಾಗ ಹೊಸದೊಂದು ತೊಡಕು ಹುಟ್ಟಿತು. ಕರೆಂಟು ಬಂದ ಕ್ಷಣದಲ್ಲಿ ಎಲ್ಲರ ಮೋಟಾರೂ ಒಟ್ಟಿಗೆ ಹೊರಡುತ್ತವೆ. ವೋಲ್ಟೇಜು ತಳಕಾಣುತ್ತದೆ. ತಳಕಂಡಾಗ ಕೆಲವು ಸ್ಟಾರ್ಟರುಗಳ ಹಿಡಿತ ಬಿಡುತ್ತದೆ. ಹಿಡಿತ ಬಿಟ್ಟೊಡನೆ ಹೊರೆ ಇಳಿದು ವೋಲ್ಟೇಜು ಏರುತ್ತದೆ. ಏರಿದ್ದನ್ನು ಕಂಡು ಆಟೋ ಸ್ಟಾರ್ಟರುಗಳು ಮತ್ತೆ ಹಿಡಿಯುತ್ತವೆ, ಮತ್ತೆ ಕುಸಿತ. ಹೀಗೆ ಒಂದು ಕುಸಿತ ಇನ್ನೊಂದನ್ನು ಹೆರುತ್ತದೆ.

ಕುಸಿತಕ್ಕೆ ಎರಡನೆಯ ಕಾರಣ ಇನ್ನೂ ದೂರದ್ದು. ಗಾಳಿಗೆ ತೆಂಗಿನ ಗರಿಯೊಂದು ತಂತಿಯ ಮೇಲೆ ಬಿತ್ತು, ಸಿಡಿಲು ಬಡಿಯಿತು, ಹಕ್ಕಿಯೊಂದು ಎರಡು ತಂತಿಗಳನ್ನು ಕೂಡಿಸಿತು ಎನ್ನಿ. ಆ ಸ್ಥಳಕ್ಕೆ ವಿದ್ಯುತ್ತು ಪ್ರವಾಹವಾಗಿ ನುಗ್ಗುತ್ತದೆ. ಉಪಕೇಂದ್ರದ ಸ್ವಿಚ್ಚು ಆ ಮಾರ್ಗವನ್ನು ಕಡಿದುಹಾಕುವವರೆಗೆ ಸುತ್ತಲಿನ ಬೇರೆ ಮಾರ್ಗಗಳಲ್ಲೆಲ್ಲ ವೋಲ್ಟೇಜು ಕುಸಿದಿರುತ್ತದೆ. ಹಲವೆಡೆ ಈ ಸ್ವಿಚ್ಚು ‘ಗರಿ ಸುಟ್ಟು ಬಿದ್ದಿರಬಹುದು’ ಎಂಬ ಆಸೆಯಿಂದ ತಾನಾಗಿಯೇ ಮತ್ತೊಮ್ಮೆ ಕೂಡಿಕೊಂಡು ನೋಡುತ್ತದೆ. ಬಿದ್ದಿಲ್ಲದಿದ್ದರೆ ಮತ್ತೆ ಕಡಿಯುತ್ತದೆ. ಒಂದೇ ಗರಿಗೆ ಎರಡು ಮೂರು ಕುಸಿತಗಳು. ಅನುಭವಿಸುವವರು ಮೈಲಿಗಳಾಚೆಯ ಮನೆಯವರು. ಹಳ್ಳಿಯ ಮನೆಗಳಿಗೂ ಪಂಪುಗಳಿಗೂ ಬೇರೆಬೇರೆ ಫೀಡರು ಎಳೆಯುವ ನಿರಂತರ ಜ್ಯೋತಿ ಯೋಜನೆ ಕರ್ನಾಟಕದಲ್ಲಿ ಬಂದ ಮೇಲೆ ಮನೆಗಳಿಗೆ ಎಷ್ಟೋ ನೆಮ್ಮದಿಯಾಯಿತು. ಆದರೂ ಎರಡು ಫೀಡರುಗಳ ತಾಯಿಬೇರು ಒಂದೇ ಉಪಕೇಂದ್ರದಲ್ಲಿ ಇರುವುದರಿಂದ, ಒಂದರ ನೋವು ಇನ್ನೊಂದಕ್ಕೆ ಅಷ್ಟಿಷ್ಟು ತಾಗದೆ ಇರದು.

ಯಾರ ತಾಳ್ಮೆ ಎಷ್ಟು?

ಮನುಷ್ಯರಂತೆ ಯಂತ್ರಗಳಲ್ಲಿಯೂ ತಾಳ್ಮೆಯ ಅಳತೆ ಬೇರೆಬೇರೆ. ನೀರು ಕಾಯಿಸುವ ಗೀಸರು, ಇಸ್ತ್ರಿಪೆಟ್ಟಿಗೆ ಇವು ಮಹಾ ಸಹನಶೀಲರು. ಕುಸಿತದ ಹೊತ್ತಿನಲ್ಲಿ ಕೊಂಚ ಕಡಿಮೆ ಕಾಯುತ್ತವೆ, ಅಷ್ಟೇ.

ಮೋಟಾರಿನ ಕಷ್ಟ ಹೆಚ್ಚಿನದು. ಅದನ್ನು ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ವೋಲ್ಟೇಜು ಶೇಕಡ ೮೦ಕ್ಕೆ ಇಳಿದರೆ ಬಲ ಶೇಕಡ ೬೪ಕ್ಕೆ ಇಳಿಯುತ್ತದೆ. ೭೦ಕ್ಕೆ ಇಳಿದರೆ ೪೯ಕ್ಕೆ. ಹೊರೆ ಹೊತ್ತ ಮೋಟಾರು ನಿಧಾನವಾಗುತ್ತದೆ. ವೋಲ್ಟೇಜು ಮರಳಿದಾಗ ಕಳೆದುಕೊಂಡ ವೇಗವನ್ನು ಪಡೆಯಲು ಮತ್ತೆ ಹೆಚ್ಚು ಆಂಪಿಯರು ಎಳೆಯುತ್ತದೆ. ಸುರುಳಿಯಲ್ಲಿ ಹುಟ್ಟುವ ಶಾಖ ಆಂಪಿಯರಿನ ವರ್ಗದಂತೆ ಏರುವುದರಿಂದ, ಆರು ಪಟ್ಟು ಆಂಪಿಯರೆಂದರೆ ಮೂವತ್ತಾರು ಪಟ್ಟು ಶಾಖ. ಒಂದು ಸಲವಾದರೆ ಮೋಟಾರು ಅದನ್ನು ಜೀರ್ಣಿಸಿಕೊಳ್ಳುತ್ತದೆ. ಆರುವ ಮೊದಲೇ ಎರಡನೆಯ, ಮೂರನೆಯ ಸಲ ಹಾಗೆ ಆದರೆ ಶಾಖದ ಮೇಲೆ ಶಾಖ ಪೇರಿಕೊಂಡು ಸುರುಳಿಯ ಹೊದಿಕೆ ಕರಗತೊಡಗುತ್ತದೆ. ಸ್ಟಾರ್ಟರಿನೊಳಗಿನ ಕಾಂಟ್ಯಾಕ್ಟರಿನ ಪಾಡೂ ಅಷ್ಟೇ. ಅದು ಕಬ್ಬಿಣದ ತುಂಡನ್ನು ಅಯಸ್ಕಾಂತದ ಬಲದಿಂದ ಹಿಡಿದಿಟ್ಟುಕೊಂಡಿರುತ್ತದೆ. ವೋಲ್ಟೇಜು ಅರ್ಧಕ್ಕೆ ಇಳಿದರೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಹಿಡಿತ ಬಿಡುತ್ತದೆ. ಬಿಟ್ಟೂ ಬಿಡದಂತೆ ಟಕಟಕನೆ ಬಡಿದುಕೊಂಡಾಗ ಕಿಡಿ ಹಾರಿ ಅದರ ಮುಖಗಳು ಸುಟ್ಟು ಗುಳಿಬೀಳುತ್ತವೆ. ಮುಂದೆ ಒಂದು ದಿನ ಮೂರರಲ್ಲಿ ಒಂದು ಮುಖ ಕೂಡದೆಹೋಗಿ, ಮೋಟಾರು ಎರಡೇ ಫೇಸಿನಲ್ಲಿ ನರಳುತ್ತ ಓಡಿ ಸುಟ್ಟುಹೋಗುತ್ತದೆ.

ಸುಟ್ಟ ಮೋಟಾರೆಂದರೆ ರೈತನ ಮನೆಯಲ್ಲಿ ಸಣ್ಣ ಸುದ್ದಿಯಲ್ಲ. ನೂರಾರು ಅಡಿ ಆಳದಿಂದ ಪೈಪು ಸಮೇತ ಅದನ್ನು ಎತ್ತಿಸಬೇಕು, ಪೇಟೆಗೆ ಒಯ್ದು ಸುರುಳಿ ಸುತ್ತಿಸಬೇಕು, ಮತ್ತೆ ಇಳಿಸಬೇಕು. ಅಷ್ಟು ದಿನ ಹೂಬಿಟ್ಟ ದಾಳಿಂಬೆ ನೀರಿಲ್ಲದೆ ನಿಂತಿರಬೇಕು. ಹೀಗೆ ಸೆಕೆಂಡಿನ ಒಂದು ಚೂರಿನಷ್ಟು ಕಾಲದ ಕುಸಿತ ವರ್ಷದ ಬೆಳೆಗೇ ಬಂದು ತಟ್ಟುತ್ತದೆ.

ಫ್ರಿಜ್ಜಿನ ಟಕ್ಕೆಂಬ ಸದ್ದಿಗೆ ಕಾರಣ ಇದೇ ವಂಶದ್ದು. ಅದರ ಕಂಪ್ರೆಸರು ಅನಿಲವನ್ನು ಒತ್ತಿ ತಳ್ಳುತ್ತಿರುತ್ತದೆ. ಕುಸಿತದಿಂದ ಅದು ತಟ್ಟನೆ ನಿಂತರೆ, ಒಂದು ಕಡೆ ಹೆಚ್ಚು ಒತ್ತಡ, ಇನ್ನೊಂದು ಕಡೆ ಕಡಿಮೆ ಒತ್ತಡ ಹಾಗೆಯೇ ಉಳಿದಿರುತ್ತದೆ. ಎರಡೂ ಸಮವಾಗಲು ಮೂರರಿಂದ ಐದು ನಿಮಿಷ ಬೇಕು. ಅದಕ್ಕೆ ಮೊದಲೇ ಕರೆಂಟು ಮರಳಿ ಬಂದು ತಳ್ಳಿದರೆ, ಎದುರೊತ್ತಡಕ್ಕೆ ಸಿಕ್ಕಿದ ಮೋಟಾರು ತಿರುಗಲಾರದೆ ಕಾಯುತ್ತದೆ. ಆಗ ಕಾವಲಿನ ಪುಟ್ಟ ಸ್ವಿಚ್ಚು ಟಕ್ಕೆಂದು ಅದನ್ನು ಬಿಡಿಸುತ್ತದೆ. ಆ ಸದ್ದು ಯಂತ್ರದ ಜೀವ ಉಳಿಸಿದ ಸದ್ದು. ಆದರೆ ಕಾವಲುಗಾರನಿಗೂ ದಣಿವಾಗುತ್ತದೆ. ದಿನದಿನವೂ ಹತ್ತಾರು ಸಲ ಎಚ್ಚರಿಸಿದರೆ ಅವನೂ ಒಂದು ದಿನ ಸೋಲುತ್ತಾನೆ.

ಎಲ್ಲಕ್ಕಿಂತ ಬೇಗ ಸಿಡುಕುವವರು ಎಲೆಕ್ಟ್ರಾನಿಕ್ ಉಪಕರಣಗಳು. ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆಯಲ್ಲಿ ಕೆಪಾಸಿಟರೆಂಬ ಪುಟ್ಟ ತೊಟ್ಟಿ ಇದೆ. ಹೊರಗಿನ ಹರಿವು ನಿಂತಾಗ ಒಳಗಿನ ಸಂಗ್ರಹದಿಂದ ಅದು ಕೆಲಸ ನಡೆಸುತ್ತದೆ. ಆದರೆ ಪೂರ್ತಿ ಹೊರೆಯಲ್ಲಿ ಆ ಸಂಗ್ರಹ ಬರುವುದು ೧೬ರಿಂದ ೨೦ ಮಿಲಿಸೆಕೆಂಡು ಮಾತ್ರ. ಅಮೆರಿಕದ ಕಂಪ್ಯೂಟರ್ ತಯಾರಕರು ತಮ್ಮ ದೇಶದ ೧೨೦ ವೋಲ್ಟಿನ ಉಪಕರಣಗಳಿಗಾಗಿ ಒಂದು ಗೆರೆ ಎಳೆದಿದ್ದಾರೆ. ವಿದ್ಯುತ್ತು ಪೂರ್ತಿ ಇಲ್ಲವಾದರೂ ೨೦ ಮಿಲಿಸೆಕೆಂಡು, ಶೇಕಡ ೭೦ ಉಳಿದಿದ್ದರೆ ಅರ್ಧ ಸೆಕೆಂಡು, ಶೇಕಡ ೮೦ ಉಳಿದಿದ್ದರೆ ೧೦ ಸೆಕೆಂಡು ಉಪಕರಣ ತಾಳಿಕೊಳ್ಳಬೇಕು ಎಂಬುದು ಅದರ ಸಾರ. ಅಷ್ಟನ್ನು ಮೀರಿದರೆ ಯಂತ್ರ ಆರಿಹೋಗುವುದು ಸಹಜ. ಇನ್ನೊಂದು ಅಪಾಯ, ವೋಲ್ಟೇಜು ಮರಳುವ ಗಳಿಗೆಯದು. ಬರಿದಾದ ತೊಟ್ಟಿ ಮತ್ತೆ ತುಂಬಿಕೊಳ್ಳಲು ಆತುರದಿಂದ ಕರೆಂಟನ್ನು ಹೀರುತ್ತದೆ. ಆ ನೂಕು ಒಳಗಿನ ಸೂಕ್ಷ್ಮ ಭಾಗಗಳ ಮೇಲೆ ಬೀಳುತ್ತದೆ. ಆದ್ದರಿಂದ ಇಳಿಯುವಾಗ ಉಳಿದ ಯಂತ್ರ ಏರುವಾಗ ಕೆಟ್ಟಿತೆಂದರೆ ಆಶ್ಚರ್ಯವಿಲ್ಲ.

ಬಬ್ಬೂರಿನಲ್ಲಿ ಪ್ರಸಿದ್ಧವಾದ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ. ಸುತ್ತಲಿನವರಿಗೆ ಅದು ‘ಬಬ್ಬೂರು ಫಾರಂ.’ ಎಲ್ಲಿಯ ಪ್ರಯೋಗಶಾಲೆಯೇ ಆಗಲಿ, ಅಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ, ಬೀಜಗಳನ್ನು ಒಂದೇ ಶಾಖದಲ್ಲಿ ಮೊಳೆಯಿಸುವ ಪೆಟ್ಟಿಗೆ, ಶೀತಲ ಪೆಟ್ಟಿಗೆಗಳು ಸಾಮಾನ್ಯ. ಇವುಗಳಲ್ಲಿ ಕೆಲವು ಕುಸಿತದಿಂದ ಕೆಡುವುದಿಲ್ಲ. ಗಡಿಯಾರ ಮರೆತು, ಇಟ್ಟ ಶಾಖವನ್ನು ಮರೆತು, ಸೊನ್ನೆಯಿಂದ ಮತ್ತೆ ಪ್ರಾರಂಭಿಸುತ್ತವೆ. ಯಂತ್ರ ಸುಟ್ಟರೆ ಹೊಗೆಯಾದರೂ ಕಾಣುತ್ತದೆ. ಮರೆತ ಯಂತ್ರ ಸುಮ್ಮನೆ ತಪ್ಪು ಉತ್ತರ ಕೊಡುತ್ತದೆ. ವಾರಗಟ್ಟಲೆಯ ಪರೀಕ್ಷೆಗೆ ಅದು ಹೆಚ್ಚಿನ ಹಾನಿ.

ಇನ್ನು ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳ ಲಸಿಕೆಯ ಪೆಟ್ಟಿಗೆ. ಲಸಿಕೆ ೨ರಿಂದ ೮ ಡಿಗ್ರಿ ಸೆಲ್ಸಿಯಸಿನ ನಡುವೆಯೇ ಇರಬೇಕು. ಇದನ್ನರಿತವರು ಒಳಗೋಡೆಗೆ ಮಂಜುಗಡ್ಡೆಯ ಸಾಲನ್ನಿಟ್ಟ ಪೆಟ್ಟಿಗೆಯನ್ನು ಮಾಡಿದ್ದಾರೆ. ದಿನಕ್ಕೆ ಎಂಟು ಗಂಟೆ ಕರೆಂಟಿದ್ದರೂ ಅದು ತಂಪನ್ನು ಹಿಡಿದಿಟ್ಟುಕೊಳ್ಳಬಲ್ಲದು. ಕರೆಂಟಿನ ಗೈರುಹಾಜರಿಯನ್ನು ಅದು ಸಹಿಸುತ್ತದೆ. ಆದರೆ ಅದರ ಕಂಪ್ರೆಸರೂ ಫ್ರಿಜ್ಜಿನ ಜಾತಿಯದೇ. ಅದಕ್ಕಾಗಿಯೇ ಅದರ ಬದಿಯಲ್ಲಿ ಸ್ಟೆಬಿಲೈಸರು ಇರುತ್ತದೆ. ಸಿಬ್ಬಂದಿ ದಿನಕ್ಕೆರಡು ಬಾರಿ ಶಾಖವನ್ನು ನೋಡಿ ಬರೆದಿಡುತ್ತಾರೆ.

ಮತ್ತೆ ಮತ್ತೆ ಬಿದ್ದರೆ

ಒಂದು ಕುಸಿತವನ್ನು ತಾಳಬಲ್ಲ ಯಂತ್ರ ಆರು ಕುಸಿತಗಳನ್ನು ತಾಳಬಲ್ಲದೆ? ಈ ಪ್ರಶ್ನೆಗೆ ಜಗತ್ತು ದೊಡ್ಡ ಬೆಲೆ ತೆತ್ತು ಉತ್ತರ ಕಂಡುಕೊಂಡಿದೆ. ಆ ಪಾಠಕ್ಕೂ ಚಿತ್ರದುರ್ಗದ ಗುಡ್ಡಗಳಿಗೂ ಒಂದು ನಂಟಿದೆ.

ಚಿತ್ರದುರ್ಗದ ಬೆಟ್ಟಸಾಲಿನ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಹೆದ್ದಾರಿಯ ಪ್ರಯಾಣಿಕರು ನೋಡಿಯೇ ಇರುತ್ತಾರೆ. ವಿದ್ಯುತ್ತನ್ನು ಉತ್ಪಾದಿಸುವ ಈ ದೈತ್ಯರೂ ಕುಸಿತಕ್ಕೆ ಅಂಜುವವರೇ. ಮೊದಲ ತಲೆಮಾರಿನ ಗಾಳಿಯಂತ್ರಗಳು ತಂತಿಯಲ್ಲಿ ವೋಲ್ಟೇಜು ಕುಸಿದೊಡನೆ ತಮ್ಮ ರಕ್ಷಣೆಗಾಗಿ ಕಳಚಿಕೊಳ್ಳುತ್ತಿದ್ದವು. ಕಷ್ಟದ ಹೊತ್ತಿನಲ್ಲಿ ಹೆಗಲು ಕೊಡಬೇಕಾದವರೇ ಜಾರಿಕೊಂಡಂತಾಗಿ ಕುಸಿತ ಇನ್ನಷ್ಟು ಆಳವಾಗುತ್ತಿತ್ತು. ಆದ್ದರಿಂದ ಕೇಂದ್ರ ವಿದ್ಯುತ್ ಪ್ರಾಧಿಕಾರ ೨೦೧೩ರಲ್ಲಿ ನಿಯಮವೊಂದನ್ನು ಸೇರಿಸಿತು. ೬೬ ಕಿಲೋವೋಲ್ಟು ಅಥವಾ ಅದಕ್ಕೆ ಮೇಲ್ಪಟ್ಟ ಮಾರ್ಗಕ್ಕೆ ಸೇರುವ ಹೊಸ ಗಾಳಿವಿದ್ಯುತ್ ಕೇಂದ್ರಗಳು, ವೋಲ್ಟೇಜು ಶೇಕಡ ೧೫ಕ್ಕೆ ಇಳಿದರೂ, ದೋಷ ನಿವಾರಣೆಯಾಗುವ ಆ ಕಿರುಗಾಲದವರೆಗೆ ಕಳಚಿಕೊಳ್ಳದೆ ನಿಲ್ಲಬೇಕು.

ನಿಲ್ಲುವುದು ಸರಿ, ಎಷ್ಟು ಸಲ ನಿಲ್ಲಬೇಕು? ದಕ್ಷಿಣ ಆಸ್ಟ್ರೇಲಿಯಾ ಸಂಸ್ಥಾನದಲ್ಲಿ ೨೦೧೬ರ ಸೆಪ್ಟೆಂಬರ್ ೨೮ರಂದು ಸುಂಟರಗಾಳಿ ಬೀಸಿ ದೊಡ್ಡ ವಿದ್ಯುತ್ ಮಾರ್ಗಗಳ ಗೋಪುರಗಳು ಉರುಳಿದವು. ಸುಮಾರು ಎರಡು ನಿಮಿಷದೊಳಗೆ ಒಂದರ ಹಿಂದೊಂದರಂತೆ ಆರು ಕುಸಿತಗಳಾದವು. ಅಲ್ಲಿನ ಗಾಳಿಯಂತ್ರಗಳು ಮೊದಲ ಕುಸಿತಗಳನ್ನು ಧೈರ್ಯವಾಗಿ ತಾಳಿದವು. ಆದರೆ ‘ಇಷ್ಟು ಹೊತ್ತಿನಲ್ಲಿ ಇಷ್ಟು ಸಲ ಮಾತ್ರ’ ಎಂಬ ಎಣಿಕೆಯೊಂದು ಅವುಗಳ ಒಳಗೆ ಅಡಗಿತ್ತು. ವಿದ್ಯುತ್ ಜಾಲವನ್ನು ನಡೆಸುವವರಿಗೆ ಅದು ತಿಳಿದಿರಲಿಲ್ಲ. ಎಣಿಕೆ ತುಂಬಿದೊಡನೆ ಒಂಬತ್ತು ಗಾಳಿವಿದ್ಯುತ್ ಕೇಂದ್ರಗಳು ಕೈಬಿಟ್ಟವು. ಏಳು ಸೆಕೆಂಡು ಕಳೆಯುವುದರೊಳಗೆ ೪೫೬ ಮೆಗಾವಾಟ್ ಇಲ್ಲವಾಯಿತು. ಆ ಹೊರೆಯೆಲ್ಲ ನೆರೆಯ ಸಂಸ್ಥಾನದಿಂದ ಬರುವ ಮಾರ್ಗದ ಮೇಲೆ ಬಿದ್ದು ಅದೂ ಕಡಿದುಹೋಯಿತು. ಸುಮಾರು ಎಂಟೂವರೆ ಲಕ್ಷ ಗ್ರಾಹಕರು ಕತ್ತಲೆಯಲ್ಲಿ ಮುಳುಗಿದರು. ಅನಂತರ ಯಂತ್ರಗಳ ಆ ಎಣಿಕೆಯನ್ನು ತಿದ್ದಲಾಯಿತು.

ಅಡುಗೆಮನೆಯ ಫ್ರಿಜ್ಜಿಗೂ ಕೊಳವೆಬಾವಿಯ ಮೋಟಾರಿಗೂ ಅನ್ವಯಿಸುವ ತತ್ತ್ವವೇ ಇದು. ಕುಸಿತದ ಆಳವನ್ನು ಅಳೆದರೆ ಸಾಲದು, ಅದರ ಸಂಖ್ಯೆಯನ್ನೂ ಎಣಿಸಬೇಕು. ಎರಡು ಏಟುಗಳ ನಡುವೆ ಯಂತ್ರಕ್ಕೆ ಚೇತರಿಸಿಕೊಳ್ಳುವಷ್ಟು ಬಿಡುವು ಸಿಕ್ಕಿತೆ ಎಂಬುದೇ ಮುಖ್ಯ ಪ್ರಶ್ನೆ.

ಮದ್ದು ಯಾವುದು?

ಕುಸಿತದ ಮಾತು ಬಂದೊಡನೆ ಅಂಗಡಿಯವನು ಸ್ಟೆಬಿಲೈಸರನ್ನು ಮುಂದಿಡುತ್ತಾನೆ. ಅದು ಒಳ್ಳೆಯ ವಸ್ತುವೇ. ಆದರೆ ಗಂಟೆಗಟ್ಟಲೆಯ ಲೋ ವೋಲ್ಟೇಜಿಗೆ ಅದು ಮದ್ದು, ಕ್ಷಣಿಕ ಕುಸಿತಕ್ಕೆ ಅಲ್ಲ. ಸ್ಟೆಬಿಲೈಸರಿನ ರಿಲೇಗಳು ಕುಸಿತವನ್ನು ಗುರುತಿಸಿ ಸ್ಥಾನ ಬದಲಿಸುವಷ್ಟರಲ್ಲಿ ಕಂಪ್ಯೂಟರಿನ ಪುಟ್ಟ ತೊಟ್ಟಿ ಬರಿದಾಗಿರುತ್ತದೆ. ಕೆಲವೊಮ್ಮೆ, ಅದು ವೋಲ್ಟೇಜನ್ನು ಎತ್ತಿಕೊಡುತ್ತಿರುವಾಗಲೇ ಹೊರಗಿನ ವೋಲ್ಟೇಜು ತಟ್ಟನೆ ಮರಳಿದರೆ, ಒಂದು ಕ್ಷಣ ಒಳಗೆ ಬೇಕಾದ್ದಕ್ಕಿಂತ ಹೆಚ್ಚೇ ನುಗ್ಗುತ್ತದೆ. ಫ್ರಿಜ್ಜಿನ ಸ್ಟೆಬಿಲೈಸರಿನಲ್ಲಿ ನಿಜವಾಗಿ ನೋಡಿ ಕೊಳ್ಳಬೇಕಾದ ಗುಣ ಬೇರೆಯದೇ: ಕರೆಂಟು ಮರಳಿದ ಮೇಲೆ ಮೂರು ನಿಮಿಷ ತಡೆದು ಕೊಡುವ ಏರ್ಪಾಡು. ಕಂಪ್ರೆಸರಿಗೆ ಬೇಕಾದ ಬಿಡುವನ್ನು ಕೊಡುವುದು ಅದು. ಹೊಸ ಮಾದರಿಯ ಕೆಲವು ಫ್ರಿಜ್ಜುಗಳಲ್ಲಿ ಈ ತಡೆ ಒಳಗೇ ಇರುತ್ತದೆ. ಕೊಳ್ಳುವಾಗ ಕೇಳಿ ತಿಳಿಯುವುದು ಲೇಸು.

ಕಂಪ್ಯೂಟರಿಗೆ ಬೇಕಾದದ್ದು ಯು.ಪಿ.ಎಸ್. ಮನೆಗಳಲ್ಲಿ ಬಳಸುವ ಸಾಮಾನ್ಯ ಬಗೆಯದು ಕೆಲವು ಮಿಲಿಸೆಕೆಂಡುಗಳಲ್ಲಿ, ಹತ್ತರ ಆಸುಪಾಸಿನೊಳಗೆ, ಬ್ಯಾಟರಿಗೆ ಬದಲಾಯಿಸುತ್ತದೆ. ತೊಟ್ಟಿಯ ೧೬ ಮಿಲಿಸೆಕೆಂಡಿನೊಳಗೆ ಈ ಕೆಲಸ ಮುಗಿಯುವುದರಿಂದ ಕಂಪ್ಯೂಟರಿಗೆ ಕುಸಿತ ತಿಳಿಯುವುದೇ ಇಲ್ಲ. ಸದಾ ಬ್ಯಾಟರಿಯ ಹಾದಿಯಿಂದಲೇ ವಿದ್ಯುತ್ತು ಕೊಡುವ ಆನ್‌ಲೈನ್ ಬಗೆಯದು ದುಬಾರಿ. ಅದು ಆಸ್ಪತ್ರೆ, ಪ್ರಯೋಗಶಾಲೆಗಳಿಗೆ ತಕ್ಕದ್ದು. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇರುವುದರಿಂದ ಅದಕ್ಕೆ ಬೇರೆ ಕಾವಲು ಬೇಕಿಲ್ಲ. ಗೀಸರಿಗೂ ಇಸ್ತ್ರಿಪೆಟ್ಟಿಗೆಗೂ ಇಂಥ ಕಾವಲಿಗೆಂದು ಹಣ ಸುರಿಯುವುದು ವ್ಯರ್ಥ. ಕರೆಂಟು ಹಲವು ಸಲ ಹೋಗಿಬರುತ್ತಿರುವ ಸಂಜೆ ಫ್ರಿಜ್ಜಿನ ಸ್ವಿಚ್ಚನ್ನೇ ಹತ್ತು ನಿಮಿಷ ಆರಿಸಿಡುವುದು ಕಾಸಿಲ್ಲದ ಮದ್ದು.

ತೋಟದಲ್ಲಿ ಮದ್ದು ಇನ್ನೂ ಸುಲಭ, ಆದರೆ ಒಬ್ಬರಿಂದ ಆಗದು. ಆಟೋ ಸ್ಟಾರ್ಟರಿನ ಜೊತೆಗೆ ತಡಮಾಡಿ ಹೊರಡಿಸುವ ಟೈಮರೊಂದನ್ನು ಕೂರಿಸಬಹುದು. ಒಂದೇ ಟಿ.ಸಿ.ಯ ನಾಲ್ವರು ರೈತರು ಮಾತನಾಡಿಕೊಂಡು, ಒಬ್ಬರದು ಒಂದು ನಿಮಿಷಕ್ಕೆ, ಇನ್ನೊಬ್ಬರದು ಎರಡಕ್ಕೆ, ಮತ್ತೊಬ್ಬರದು ಮೂರಕ್ಕೆ, ಕೊನೆಯವರದು ನಾಲ್ಕಕ್ಕೆ ಎಂದು ಗೊತ್ತುಮಾಡಿಕೊಂಡರೆ, ಟಿ.ಸಿ.ಗೆ ಒಂದು ಸಲಕ್ಕೆ ಒಂದೇ ಮೋಟಾರಿನ ಹೊರೆ. ಎಲ್ಲರೂ ಒಂದೇ ನಿಮಿಷಕ್ಕೆ ಇಟ್ಟರೆ ಟೈಮರಿದ್ದೂ ಇಲ್ಲದಂತೆ! ಮೋಟಾರು ದೊಡ್ಡದಾದರೆ ಸ್ಟಾರ್–ಡೆಲ್ಟಾ ಸ್ಟಾರ್ಟರು ಹೊರಡುವ ಹೊತ್ತಿನ ಕರೆಂಟನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ತಕ್ಕ ಅಳತೆಯ ಕೆಪಾಸಿಟರು ಓಡುವಾಗಿನ ತಂತಿಯ ಹೊರೆಯನ್ನು ತಗ್ಗಿಸುತ್ತದೆ. ಫೇಸು ತಪ್ಪಿದಾಗ ಮೋಟಾರನ್ನು ನಿಲ್ಲಿಸುವ ಕಾವಲನ್ನು ‘ಪದೇ ಪದೇ ನಿಲ್ಲಿಸುತ್ತದೆ’ ಎಂದು ಸಿಟ್ಟಿನಿಂದ ಕಿತ್ತುಹಾಕುವವರಿದ್ದಾರೆ. ಅದು ಕಾಯುವ ನಾಯಿ ಬೊಗಳುತ್ತದೆಂದು ಅಟ್ಟಿದಂತೆ.

ಇಷ್ಟಾದರೂ ಕುಸಿತ ನಿಲ್ಲದಿದ್ದರೆ ಕಾರಣ ಹೊರಗಿನ ಮಾರ್ಗದಲ್ಲಿ ಇರುತ್ತದೆ. ಆಗ ‘ಕರೆಂಟು ಸರಿಯಿಲ್ಲ’ ಎಂಬ ಬರಿಯ ದೂರಿಗಿಂತ, ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಸಲ, ಗಾಳಿಮಳೆ ಇತ್ತೆ, ನೆರೆಮನೆಯಲ್ಲಿಯೂ ಆಯಿತೆ ಎಂದು ಒಂದು ವಾರ ಬರೆದಿಟ್ಟ ಚೀಟಿ ಶಾಖಾ ಕಚೇರಿಯಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಕರೆಂಟು ಬಂದೊಡನೆ ಆಗುವ ಕುಸಿತ ಮೋಟಾರುಗಳದು. ಗಾಳಿ ಎದ್ದಾಗ ಆಗುವುದು ತಂತಿಗೆ ತಾಗುವ ಗರಿಯದು. ಒಂದೇ ಮನೆಯಲ್ಲಿ ಆಗುವುದು ಆ ಮನೆಯ ಸಡಿಲ ಜೋಡಣೆಯದು. ಈ ಸಡಿಲ ಜೋಡಣೆಗೆ ಬೆಂಕಿಯ ಭಯವೂ ಇರುವುದರಿಂದ ಅದನ್ನು ತಡಮಾಡದೆ ತೋರಿಸಬೇಕು.

ಹಿಂದೆ ಕೆರೆಯ ಕೆಳಗಿನ ಊರುಗಳಲ್ಲಿ ನೀರುಗಂಟಿ ಎಂಬವನಿದ್ದ. ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಎಂಬುದನ್ನು ಅವನು ನೋಡಿಕೊಳ್ಳುತ್ತಿದ್ದ. ಎಲ್ಲರೂ ಒಟ್ಟಿಗೆ ತೂಬು ಎತ್ತಿದರೆ ಯಾರಿಗೂ ನೀರು ಮುಟ್ಟದೆಂಬುದನ್ನು ತಿಳಿದೇ ಊರು ಅವನಿಗೆ ವರ್ಷವರ್ಷ ಕಾಳು ಅಳೆದು ಕೊಡುತ್ತಿತ್ತು. ತಂತಿಗೆ ಅಂಥ ನೀರುಗಂಟಿ ಇಲ್ಲ. ಒಂದೇ ಟಿ.ಸಿ.ಯ ಕೆಳಗಿನ ನಾಲ್ವರು ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು ತಮ್ಮ ಸರದಿಯ ನಿಮಿಷಗಳನ್ನು ಗೊತ್ತುಮಾಡಿಕೊಂಡರೆ ಆ ಸ್ಥಾನ ತುಂಬುತ್ತದೆ. ಅವರ ದಾಳಿಂಬೆಗೆ ನೀರು ತಪ್ಪುವುದಿಲ್ಲ. ಮನೆಯಲ್ಲಿ ಹುಡುಗ ತುಂಬುತ್ತಿರುವ ಅರ್ಜಿಯೂ ಕೊನೆಯ ಸಾಲಿನವರೆಗೆ ಉಳಿಯುವ ಸಂಭವ ಹೆಚ್ಚುತ್ತದೆ.